ಸದ್ದು ಬಂದ ಕಡೆ ವಿಮಾನ ಇರೋದಿಲ್ಲ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತಿದೆ. ಅಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಭಾಗ್ಯ ಖಾಲಿ ಆಕಾಶದ್ದು. ಕಾರಣ, ನಮ್ಮ ಕಿವಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಕಿಲೋಮೀಟರ್ ದೂರದ ಜೆಟ್ಟಿನ ಗರ್ಜನೆ ನಮಗೆ ಮುಟ್ಟುವಷ್ಟರಲ್ಲಿ ಮೂರು ಸೆಕೆಂಡ್ ಕಳೆದು, ಜೆಟ್ ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಸದ್ದು ಬಂದ ಕಡೆಗಲ್ಲ, ಅದರಿಂದ ಸಾಕಷ್ಟು ಮುಂದಕ್ಕೆ ನೋಡಬೇಕು.

ನೋಡಿದಿರಿ, ಸಿಕ್ಕಿತು. ಈಗ ಆಟೋಫೋಕಸ್ಸಿನ ಸರದಿ. ಬರೀ ನೀಲಿಯಲ್ಲಿ ಅದಕ್ಕೆ ಹಿಡಿಯಲು ಗೆರೆಯೇ ಇಲ್ಲ. ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ. ದೂರದ ಮರಕ್ಕೋ ಕಟ್ಟಡಕ್ಕೋ ಮೊದಲೇ ಫೋಕಸ್ ಮಾಡಿಟ್ಟುಕೊಂಡಿದ್ದರೆ ಈ ತಡಕಾಟ ಅರ್ಧ ಕಡಿಮೆ. ಇಷ್ಟಾದರೂ ನಡುವೆ ಹದ್ದೊಂದು ತೇಲಿ ಬಂದರೆ ಕ್ಯಾಮೆರಾ ತೇಜಸ್ ಯುದ್ಧವಿಮಾನವನ್ನು ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತದೆ. ಪ್ರದರ್ಶನದ ದಿನಗಳಲ್ಲಿ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುವುದು ವಿಮಾನಕ್ಕೆ ಹಕ್ಕಿ ಬಡಿಯದಿರಲೆಂದು. ಫೋಟೋದವರಿಗೆ ಪುಕ್ಕಟೆ ಲಾಭ. ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಏರಿಸಿ, ಇಲ್ಲದಿದ್ದರೆ ಬೆಳ್ಳನೆ ಆಕಾಶದೆದುರು ತೇಜಸ್ಸೂ ಕಾಗೆಯೇ.

ಬೀದರಿನ ಸೂರ್ಯಕಿರಣ್ ಕಸರತ್ತು ತಂಡದ ಎರಡು ಹಾಕ್ ವಿಮಾನಗಳು ಎದುರಾಬದುರಾಗಿ ಹಾಯುವ ಗಳಿಗೆಯಂತೂ ಲೆಕ್ಕದ ಪರೀಕ್ಷೆ. ಒಂದೊಂದೂ ಗಂಟೆಗೆ 540 ಕಿ.ಮೀ. ಅನ್ನಿ, ಸೆಕೆಂಡಿಗೆ 10 ಫೋಟೋ ಹೊಡೆದರೂ ಎರಡು ಫೋಟೋಗಳ ನಡುವೆ ಅವು ಒಂದಕ್ಕೊಂದು 30 ಮೀಟರ್ ಹತ್ತಿರವಾಗುತ್ತವೆ. ಹಾಕ್ ಉದ್ದ ಸುಮಾರು 12 ಮೀಟರ್. ಒಂದು ಫೋಟೋದಲ್ಲಿ ಇನ್ನೂ ಭೇಟಿಯಾಗಿಲ್ಲ, ಮುಂದಿನದರಲ್ಲಿ ಬೆನ್ನು ತಿರುಗಿಸಿಯಾಗಿದೆ. ದೂರದಲ್ಲಿ ಕಂಡಾಗಲೇ ಗುಂಡಿ ಒತ್ತಿ ಕೂತವರ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸ್ಮರಣೆ) ಸರಿಯಾಗಿ ಆಗಲೇ ತುಂಬಿ, ಕ್ಯಾಮೆರಾ ಮೌನವ್ರತ ಹಿಡಿಯುತ್ತದೆ.

ಜೆಟ್ಟಿಗೆ ಶಟರ್ ವೇಗ 1/2000 ಸೆಕೆಂಡ್ ಇಟ್ಟವರು ಅದೇ ಗುಂಗಿನಲ್ಲಿ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರಿಗೂ ಅದನ್ನೇ ಇಟ್ಟರೆ ಕೆಟ್ಟಿತು. ಅದರ ರೋಟರ್ ನಿಮಿಷಕ್ಕೆ 300 ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಅಷ್ಟು ಕಿರುಹೊತ್ತಿನಲ್ಲಿ ಒಂದು ಡಿಗ್ರಿಯೂ ಸರಿಯದು. ಕರೆಂಟು ಹೋದ ಫ್ಯಾನಿನಂತೆ ನಾಲ್ಕೂ ಅಲಗು ಗಪ್‌ಚಿಪ್, ಹೆಲಿಕಾಪ್ಟರ್ ಇನ್ನೇನು ತೆಂಗಿನಕಾಯಿಯಂತೆ ಬೀಳಬೇಕು! 1/125ಕ್ಕೆ ಇಳಿಸಿ, ಅಲಗು 15 ಡಿಗ್ರಿ ತಿರುಗಿ ಬೀಸಣಿಗೆಯಂತೆ ಹರಡುತ್ತದೆ. ಆಗ ಕೈ ನಡುಗಬಾರದು: ಮೊಣಕೈ ಪಕ್ಕೆಗೆ ಒತ್ತಿ, ಪಾದ ಹೆಲಿಕಾಪ್ಟರ್ ಮುಂದೆ ಹೋಗಲಿರುವ ದಿಕ್ಕಿಗಿಟ್ಟು, ಸೊಂಟದಿಂದ ತಿರುಗಬೇಕು. ಹೀಗಿದ್ದೂ ಹತ್ತರಲ್ಲಿ ಎಂಟು ಅಲುಗಾಡಿರುತ್ತವೆ, ಬೇಸರ ಬೇಡ.

ಇನ್ನೊಂದು ತಕರಾರಿದೆ. ಫೆಬ್ರವರಿಯ ಬಿಸಿಲಿಗೆ 1/125 ಅಂದರೆ ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100ರಲ್ಲೂ ಲೆನ್ಸಿನ ರಂಧ್ರವನ್ನು ಎಫ್16ರವರೆಗೆ ಕಿರಿದಾಗಿಸಬೇಕು; ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ತಂದಿದ್ದರೆ ಬಚಾವ್. ಇಲ್ಲದಿದ್ದರೆ ಮನೆಗೆ ಬಂದು ನೋಡಿದಾಗ ಎಲ್ಲ ಫೋಟೋಗಳಲ್ಲೂ ಎಡಮೂಲೆಯಲ್ಲಿ ಸಣ್ಣ ಕಪ್ಪು ಚುಕ್ಕೆ. ದೂರದಲ್ಲಿ ಇನ್ನೊಂದು ವಿಮಾನವೂ ಸಿಕ್ಕಿತೆಂದು ಹಿಗ್ಗಿ ಜೂಮ್ ಮಾಡಿದರೆ, ಕಿರಿದಾದ ರಂಧ್ರದಲ್ಲಿ ಎದ್ದು ಕಾಣುವ ಸೆನ್ಸರ್ ಮೇಲಿನ ಧೂಳು.