ರಾಣಿಯ ಗಂಡನ ಹೆಸರು ಬರೆಯಿರಿ

ಹೋದ ದಸರೆಗೆ ಅಕ್ಕನ ಮಗ ಬೆಂಗಳೂರಿನಿಂದ ಬರುವಾಗ ಬ್ಯಾಗಿನಲ್ಲಿ ಒಂದು ಜನಾಂಗವನ್ನೇ ಹೊತ್ತು ತಂದಿದ್ದ. ಗೇಮ್ ಮಾಡುವ ಕಂಪನಿಯಲ್ಲಿ ಅವನಿಗೆ ಕೆಲಸ. ಕಥೆ ಕಟ್ಟುವುದು ಅವನ ಪಾಲಿಗೆ ಬಂದಿದೆಯಂತೆ. ಜನಾಂಗದ ಹೆಸರು ಝರ್ಕ್ಸಾ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗಿದೆ, ಅಲ್ವಾ?

ಬೇರೆ ಗ್ರಹದವರು. ಹೆಂಗಸರದೇ ಆಳ್ವಿಕೆ, ಹೆಂಗಸರದೇ ಸೈನ್ಯ. ಏಳು ಜಾತಿ. ಮೊಟ್ಟೆಯೊಡೆದು ಬರುವಾಗ ಮೈಮೇಲಿನ ಕವಚ ಯಾವ ಬಣ್ಣವೋ ಅದೇ ಜಾತಿ, ಸಾಯುವವರೆಗೂ ಬದಲಿಲ್ಲ. ನೇರಳೆ ಬಣ್ಣದವಳು ರಾಣಿ. ಕೆಂಪು ಬಣ್ಣದವರು ದಂಡನಾಯಕಿಯರು. ಬೂದು ಬಣ್ಣದವರು ಆಕಾಶನೌಕೆಯ ನೆಲ ಒರೆಸಬೇಕು.

"ಗಂಡಸರು?" ಎಂದೆ.

"ಇದ್ದಾರೆ ಮಾವ. ಸ್ಟೋರಿಗೆ ಅಷ್ಟು ಮುಖ್ಯ ಅಲ್ಲ."

ಕೊಡಗು ವೀರರ ನಾಡು, ಇಲ್ಲಿ ಕೂತರೆ ಐಡಿಯಾ ಬರುತ್ತೆ ಎಂದು ಬಂದಿದ್ದನಂತೆ. ಬಂದ ಮೂರು ದಿನವೂ ಮಳೆ. ವೀರರೆಲ್ಲ ಒಲೆಯ ಮುಂದೆ ಕೂತು ಸಾಕ್ಸ್ ಒಣಗಿಸುತ್ತಿದ್ದೆವು.

ಅದೇ ವಾರ ನಮ್ಮ ಗೇಟಿಗೆ ಟೀಚರ್ ಬಂದರು. 2025ರ ಸೆಪ್ಟೆಂಬರ್ 22ರಿಂದ ಶುರುವಾದ, ರಾಜ್ಯ ಸರ್ಕಾರದ ಆ ಜಾತಿ ಸಮೀಕ್ಷೆ. ನಿಮಗೆ ವಿವರಿಸಬೇಕಾಗಿಲ್ಲ, ನಿಮ್ಮ ಬಾಗಿಲಲ್ಲೂ ಸ್ಟಿಕ್ಕರ್ ಇದೆ. 2015ರಲ್ಲಿ ಒಮ್ಮೆ ಎಣಿಸಿದ್ದರು. ಆ ಲೆಕ್ಕ ಹತ್ತು ವರ್ಷ ತಣ್ಣಗೆ ಮಲಗಿತ್ತು. ಆಮೇಲೆ ಹಳತಾಯಿತು ಎಂದು ಹೊಸದಾಗಿ ಎಣಿಸಲು ಹೊರಟರು. ಇಂಥ ತಾಳ್ಮೆ ಬೇರೆ ಯಾವ ಗ್ರಹದಲ್ಲೂ ಸಿಗುವುದಿಲ್ಲ. ದೂರದ ಕೆಲವು ನಕ್ಷತ್ರಗಳ ಬೆಳಕು ನಮ್ಮನ್ನು ಮುಟ್ಟುವಷ್ಟರಲ್ಲಿ ನಕ್ಷತ್ರವೇ ಸತ್ತಿರಬಹುದಂತಲ್ಲ, ಹಾಗೆ.

ಟೀಚರ್ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಇಂಬಳ ಹತ್ತದಿರಲಿ ಎಂದು ಸಾಕ್ಸಿಗೆ ಹೊಗೆಸೊಪ್ಪಿನ ಪುಡಿ ಸವರಿಕೊಂಡಿದ್ದರು. ಹಿಂದಿನ ದಿನ ಪಕ್ಕದ ತೋಟದಲ್ಲಿ ಆನೆ ಇದೆ ಎಂದು ಒಂದು ಗಂಟೆ ಯಾರದೋ ಕಣದ ಶೆಡ್ಡಿನಲ್ಲಿ ನಿಂತಿದ್ದರಂತೆ. ಹುಡುಗ ಅವರನ್ನೇ ಬಾಯಿಬಿಟ್ಟುಕೊಂಡು ನೋಡಿದ. ಅವನ ದಂಡನಾಯಕಿಗೆ ಇಷ್ಟು ಗುಂಡಿಗೆ ಇರಲಿಲ್ಲವೋ ಏನೋ.

ಪ್ರಶ್ನೆ ಅರವತ್ತು. ನೆಟ್‌ವರ್ಕ್ ಸೊನ್ನೆ. ನಮ್ಮ ಮನೆಯ ಹಿಂದೆ ಒಂದು ಬಂಡೆ ಇದೆ. ಅದರ ಮೇಲೆ ನಿಂತು ಕುಶಾಲನಗರದ ಕಡೆ ಮುಖ ಮಾಡಿದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಸರಿ, ಮೂವರೂ ಬಂಡೆ ಹತ್ತಿದೆವು. ಓಟಿಪಿ ಬಂತು. ಟೀಚರ್ ಒತ್ತುವಷ್ಟರಲ್ಲಿ ಆ್ಯಪ್ ಸುತ್ತಲು ಶುರು ಮಾಡಿತು. ಅದು ಸುತ್ತುವಾಗ ನಮಗೆ ಬೇರೆ ಕೆಲಸ ಇರಲಿಲ್ಲ. ಅದಕ್ಕೇ ಝರ್ಕ್ಸಾ ರಾಣಿಯ ಅರ್ಜಿ ತುಂಬಿಸಿದೆವು.

ಕುಟುಂಬದ ಮುಖ್ಯಸ್ಥರು: ರಾಣಿ. ಇಲ್ಲಿಯವರೆಗೆ ತೊಂದರೆ ಇಲ್ಲ. ಕುಲಕಸುಬು: ಯುದ್ಧ. ಈಗಲೂ ಅದನ್ನೇ ಮಾಡುತ್ತಿದ್ದೀರಾ: ಹೌದು, ವಾರಕ್ಕೆ ಆರು ದಿನ. ಆದರೆ ಈ ರಾಣಿ ನಾಳೆ ಒಂದು ಬ್ಯಾಂಕ್ ಖಾತೆಗೋ ಸಿಮ್ ಕಾರ್ಡಿಗೋ ಹೋದಳು ಅಂದುಕೊಳ್ಳಿ. ಅಲ್ಲಿ ಸಿಕ್ಕಿಬೀಳುತ್ತಾಳೆ. ತಂದೆ ಅಥವಾ ಗಂಡನ ಹೆಸರು ಬರೆಯಿರಿ. ಮೂರು ಗ್ರಹ ಗೆದ್ದವಳು ಆ ಖಾಲಿ ಗೆರೆಯ ಮುಂದೆ ಪೆನ್ನು ಕಚ್ಚುತ್ತಾ ನಿಲ್ಲಬೇಕು.

ತಮಾಷೆ ನೋಡಿ, ಆ ವಾರ ಮಡಿಕೇರಿಯಲ್ಲಿ ಹೆಂಗಸರದೇ ಆಳ್ವಿಕೆ ನಡೆದಿತ್ತು. ಊರ ದಸರಾ ಶುರುವಾಗುವುದೇ ನಾಲ್ಕು ಶಕ್ತಿ ದೇವತೆಗಳ ಕರಗದಿಂದ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ದಂಡು, ಕೋಟೆ, ಎಲ್ಲ ಅವರ ಕೈಯಲ್ಲೇ ಇದೆ. ವಿಜಯದಶಮಿಯ ರಾತ್ರಿ ದಶಮಂಟಪ, ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ. ಟ್ರಾಕ್ಟರಿನ ಮೇಲೆ ದೇವಿ ಕೈ ಎತ್ತುತ್ತಾಳೆ, ಹೊಗೆ ಏಳುತ್ತದೆ, ರಾಕ್ಷಸ ಬೀಳುತ್ತಾನೆ. ಬೆಳಗಿನ ಜಾವದವರೆಗೆ ಇದೇ. ಅಕಸ್ಮಾತ್ ಝರ್ಕ್ಸಾ ರಾಣಿ ಆ ರಾತ್ರಿ ಇಳಿದಿದ್ದರೆ ಹನ್ನೊಂದನೇ ಮಂಟಪ ಎಂದುಕೊಂಡು ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ಬೆಳಗ್ಗೆ ಅದೇ ಊರಿನ ಕಚೇರಿಗಳಲ್ಲಿ ಮತ್ತೆ ಗಂಡನ ಹೆಸರು.

ಕೋವಿಯ ವಿಷಯವೂ ಬಂತು. ರಾಣಿಯ ಲೇಸರ್ ಕೋವಿಗೆ ಲೈಸೆನ್ಸ್ ಬೇಕಾ ಎಂದು ಹುಡುಗ ಕೇಳಿದ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ರಾಣಿಗೆ ಎಲ್ಲಾದರೂ ಒಂದಿಷ್ಟು ಜಮ್ಮಾ ಜಾಗ ಸಿಕ್ಕಿದರೆ ನೋಡಬಹುದು ಎಂದೆ. ಆಗ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಅವಳೂ ಲೇಸರ್ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಲಿ. ಬರೆದುಕೊಂಡ. ಬರೆಯುವಾಗಲೇ "ಅಯ್ಯೋ!" ಎಂದು ಹಾರಿದ.

ಚಗಳಿ. ಬಂಡೆಗೆ ಬಾಗಿದ ಕೊಂಬೆಯಲ್ಲಿ ಗೂಡಿತ್ತು. ಕಾಫಿ ಕೊಯ್ದವರಿಗೆ ಈ ಕೆಂಪಿರುವೆಯ ಪರಿಚಯ ಮಾಡಿಸಬೇಕಾಗಿಲ್ಲ. ಹುಡುಗನಿಗೆ ಹೇಳಿದೆ, ನಿನ್ನ ಝರ್ಕ್ಸಾ ಇಲ್ಲೇ ಇದೆಯಲ್ಲೋ. ಒಬ್ಬಳು ರಾಣಿ. ಆಳುಗಳೆಲ್ಲ ಹೆಣ್ಣೇ. ದೊಡ್ಡ ಆಳುಗಳಿಗೆ ಬೇಟೆ ಮತ್ತು ಕಾವಲು. ಸಣ್ಣವಕ್ಕೆ ಒಳಗೆ ಮರಿ ನೋಡುವ ಕೆಲಸ. ಎಲೆ ಹೊಲಿಯುವುದು ಹೇಗೆ ಗೊತ್ತಾ? ಮರಿಹುಳುವನ್ನೇ ಬಾಯಲ್ಲಿ ಹಿಡಿದು ಅದರ ನೂಲಿನಿಂದ ಹೊಲಿಯುತ್ತವೆ. ಹುಟ್ಟಿದ ಕೂಡಲೇ ದುಡಿಮೆ! ಗಡಿಯ ಗೂಡುಗಳಲ್ಲಿ ಜಾಸ್ತಿ ಇರುವುದು ವಯಸ್ಸಾದವು. ನಾವು ಇಪ್ಪತ್ತರ ಹುಡುಗರನ್ನು ಗಡಿಗೆ ಕಳಿಸುತ್ತೇವೆ, ಅವು ಅಜ್ಜಿಯರನ್ನು ಕಳಿಸುತ್ತವೆ. ನನಗೇನೋ ಚಗಳಿಯದ್ದೇ ಸರಿ ಅನ್ನಿಸುತ್ತದೆ. ನಮ್ಮ ಅಜ್ಜಿ ಗಡಿಯಲ್ಲಿದ್ದಿದ್ದರೆ ಶತ್ರು ಊಟ ಮಾಡಿಕೊಂಡು ವಾಪಸ್ ಹೋಗಿರುತ್ತಿದ್ದ.

ಜೇನಿನದು ಇನ್ನೂ ವಿಚಿತ್ರ. ರಾಣಿಗೂ ಆಳಿಗೂ ಮೊಟ್ಟೆ ಒಂದೇ ಥರ. ಮರಿಗೆ ಕೊಡುವ ಊಟವೇ ಬೇರೆ. ಒಂದಕ್ಕೆ ಕೊನೆಯವರೆಗೆ ರಾಜಭೋಜನ, ಉಳಿದವಕ್ಕೆ ಎರಡು ಮೂರು ದಿನ ರುಚಿ ತೋರಿಸಿ ಬಂದ್. ಅಷ್ಟೇ. ಅಲ್ಲಿಗೆ ಒಂದು ರಾಣಿ, ಉಳಿದವು ಆಳು.

ಹುಡುಗ ಖುಷಿಯಾದ. ಅವನ ಬಾಸಿನದು ಇದೇ ಗೋಳಂತೆ. ಏಳು ಜಾತಿ ಇದೆ ಸರಿ, ಆದರೆ ಬೂದು ಬಣ್ಣದವರೇ ಯಾಕೆ ನೆಲ ಒರೆಸಬೇಕು? ಕಾರಣ ಇಲ್ಲದಿದ್ದರೆ ಆಡುವವರು ನಂಬುವುದಿಲ್ಲ, ಲಾಜಿಕ್ ಹಾಕು ಎಂದಿದ್ದರಂತೆ. ಪಾಪ. ಕಟ್ಟುಕಥೆಗೆ ಲಾಜಿಕ್ ಬೇಕು. ನಮಗೆ ಅರವತ್ತು ಪ್ರಶ್ನೆ ಸಾಕು. ಅಷ್ಟೂ ಬೇಡ. ನಮ್ಮ ಕಡೆ ಹಿರಿಯರು ಹೊಸಬರಿಗೆ ಎರಡೇ ಕೇಳುತ್ತಾರೆ. "ಯಾವ ಊರು? ಮನೆ ಹೆಸರೇನು?" ಎಷ್ಟು ಮರ್ಯಾದೆಯ ಪ್ರಶ್ನೆ! ನೀವು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೂರಲು ಕುರ್ಚಿಯೋ ಬೆಂಚೋ, ಜಗಲಿಯೋ ಅಂಗಳವೋ, ಎಲ್ಲ ತೀರ್ಮಾನ ಆಗಿರುತ್ತದೆ. ಓಟಿಪಿ ಇಲ್ಲ, ಸರ್ವರ್ ಡೌನ್ ಇಲ್ಲ.

ಇಲ್ಲಿಯವರೆಗೆ ನಗುತ್ತಲೇ ಇದ್ದೆ. ಇನ್ನು ನಗು ಬರುವುದಿಲ್ಲ.

ಅದೇ ವರ್ಷ ಜೂನಿನಲ್ಲಿ ಚಾಮರಾಜನಗರದ ಕಡೆಯ ಶಾಲೆಯೊಂದರ ಸುದ್ದಿ ಓದಿದಿರಲ್ಲ. ಅಡುಗೆಯಾಕೆ ದಲಿತೆ ಎಂದು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು ಎಂಬ ಸುದ್ದಿ. ಜೇನಿನಲ್ಲಿ ಊಟದಿಂದ ಜಾತಿ ಹುಟ್ಟುತ್ತದೆ, ನಮ್ಮಲ್ಲಿ ಊಟಕ್ಕೇ ಜಾತಿ. ಬೇರೆ ಜಿಲ್ಲೆಯ ಮಾತು ಬಿಡಿ. 2016ರ ಡಿಸೆಂಬರಿನಲ್ಲಿ, ಚಳಿಯಲ್ಲಿ, ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲೇ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದರು. ಜೇನುಕುರುಬರು, ಯರವರು. ನಮ್ಮಲ್ಲಿ ಯಾರೂ ಈ ಕಾಡಿಗೆ ಬರುವ ಮೊದಲೇ ಇಲ್ಲಿದ್ದವರು. ಅವರು ಯಾವ ಗ್ರಹದಿಂದ ಇಳಿದಿದ್ದರು ಸ್ವಾಮಿ? ನಮ್ಮ ಕಾಫಿ ಕೊಯ್ದವರು ಅವರು, ನಮ್ಮ ಗದ್ದೆ ನಾಟಿ ಮಾಡಿದವರು ಅವರು. ತೋಟದ ಆಳುಗಳ ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದರೂ ಕಾಲಡಿಯ ಮಣ್ಣು ಅವರದಲ್ಲ. ಇದನ್ನು ಬರೆದು ಬರೆದು ನನಗೂ ಸಾಕಾಗಿದೆ. ಓದಿ ಓದಿ ನಿಮಗೂ ಸಾಕಾಗಿರಬೇಕು.

ಆ್ಯಪ್ ಕೊನೆಗೂ ಸುತ್ತು ನಿಲ್ಲಿಸಿತು. ಮೊದಲಿನಿಂದ ಶುರು ಮಾಡಿ ಎಂದಿತು. ಟೀಚರ್ ಏನೂ ಅನ್ನಲಿಲ್ಲ. ಕೊಡೆ ಬಿಚ್ಚಿ ಇನ್ನೊಮ್ಮೆ ಒಂದನೇ ಪ್ರಶ್ನೆ ಕೇಳಿದರು. ಮುಗಿಯುವಾಗ ಕತ್ತಲಾಗಿತ್ತು. ಲೈನ್ ಮನೆಗಳಿಗೆ ನಾಳೆ ಬರುತ್ತೇನೆ ಎಂದು ಹೊರಟರು. ಮುಂದೆ ಜನಗಣತಿಯಲ್ಲೂ ಜಾತಿ ಕೇಳುತ್ತಾರೆ, ಆಗಲೂ ನಾವೇ ಬರಬೇಕೇನೋ, ಬಂಡೆಯ ಮೇಲೊಂದು ಬೆಂಚು ಹಾಕಿಸಿಡಿ ಎಂದರು.

ಹುಡುಗ ಹಿಂಬಾಗಿಲಿನಿಂದ ಒಳಗೆ ಬರುತ್ತಾ ನಿಂತ. ಸೌದೆ ಕೊಟ್ಟಿಗೆಯ ಕಂಬಕ್ಕೆ ಒಂದು ಮೊಳೆ. ಮೊಳೆಯಲ್ಲಿ ನಗ್ಗಿದ ಒಂದು ಸ್ಟೀಲ್ ಲೋಟ. "ಇದು ಯಾರದು ಮಾವ?" ಎಂದ. ಕೆಲಸದವರದು ಎಂದೆ. "ಒಳಗೆ ಇಷ್ಟೊಂದು ಲೋಟ ಇದೆಯಲ್ಲ?" ಎಂದ. ಮೊದಲಿನಿಂದ ಅಲ್ಲೇ ಇದೆ ಎಂದೆ. ಅವನು ಫೋಟೋ ತೆಗೆದುಕೊಂಡ.

ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿದ್ದ. ನೌಕೆಯ ಹಿಂಬಾಗಿಲಿನಲ್ಲಿ, ಬೂದು ಬಣ್ಣದವರ ಕೋಣೆಯ ಹೊರಗೆ, ಒಂದು ಮೊಳೆ ಮತ್ತು ಲೋಟ ಬಿಡಿಸಿದ್ದಾನಂತೆ. ಬಾಸ್‌ಗೆ ಅರ್ಥವಾಗಿಲ್ಲ. ಏಳು ಜಾತಿಯವರಿಗೂ ಒಂದೇ ಬಾಯಿ ತಾನೇ, ಲೋಟ ಯಾಕೆ ಬೇರೆ, ಇದರ ಲಾಜಿಕ್ ಏನು ಎಂದು ಕೇಳುತ್ತಿದ್ದಾರಂತೆ.

"ಏನಂತ ಹೇಳಲಿ ಮಾವ?"

"ಹಲೋ, ಹಲೋ. ಕೇಳಿಸ್ತಿಲ್ಲ ಮಾರಾಯ, ಇಲ್ಲಿ ನೆಟ್‌ವರ್ಕ್ ಇಲ್ಲ" ಎಂದು ಕಟ್ ಮಾಡಿದೆ.

ನಾನು ಬಂಡೆಯ ಮೇಲೇ ನಿಂತಿದ್ದೆ.