ಮುಳ್ಳು ನೂರಕ್ಕೇ ನಿಂತಿದೆ ಸ್ವಾಮಿ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಇಳಿಸಿದ ರೈತನ ಮುಂದೆ ಒಂದು ತಕ್ಕಡಿ ಇಡಿ. ಅದರ ಮುಳ್ಳು 10 ಕೆಜಿಯ ಆಚೆಗೆ ಹೋಗುವುದಿಲ್ಲ ಅಂತಿಟ್ಟುಕೊಳ್ಳಿ. 15 ಕೆಜಿಯ ಬಾಕ್ಸ್ ಏರಿಸಿದರೆ ಮುಳ್ಳು ಹತ್ತಕ್ಕೆ ಹೋಗಿ ತೆಪ್ಪಗೆ ನಿಲ್ಲುತ್ತದೆ. ಗುಮಾಸ್ತ 'ಹತ್ತು ಕೆಜಿ' ಅಂತ ಚೀಟಿ ಬರೆದನೋ, ಶಾಯಿ ಒಣಗುವ ಮೊದಲೇ ಅವನ ಕೊರಳಪಟ್ಟಿ ರೈತನ ಕೈಯಲ್ಲಿರುತ್ತದೆ. ಅಣುಸ್ಥಾವರದವರ ಪುಣ್ಯ ದೊಡ್ಡದು. ಅವರಿಗೆ ಟೊಮೆಟೊ ಬೆಳೆಗಾರರ ಜೊತೆ ವ್ಯವಹಾರವಿಲ್ಲ.

2013ರ ಆಗಸ್ಟಿನಲ್ಲಿ, 2011ರ ಸುನಾಮಿಗೆ ಸಿಕ್ಕಿ ಕೆಟ್ಟ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಕಲುಷಿತ ನೀರು ತುಂಬಿಟ್ಟ ಟ್ಯಾಂಕುಗಳ ಬುಡದಲ್ಲಿ ವಿಕಿರಣ ಅಳೆದರು. ಗಂಟೆಗೆ 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಬಂತು, ಅದನ್ನೇ ಊರಿಗೆಲ್ಲ ಸಾರಿದರು. ಆ ಮೀಟರಿನ ಕೊನೆಯ ಗೆರೆಯೇ 100 ಎಂಬುದು ಆಮೇಲೆ ಹೊರಬಿತ್ತು. ದೊಡ್ಡ ಮೀಟರು ಹಿಡಿದು ಹೋದಾಗ 1,800! ಹದಿನೆಂಟು ಪಟ್ಟು ಏರಿದ್ದು ವಿಕಿರಣವಲ್ಲ, ಮೀಟರಿನ ಯೋಗ್ಯತೆ. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ರಾತ್ರಿಯೂ ಇದೇ ಕತೆ. ಕೈಗೆ ಸಿಕ್ಕ ಮೀಟರು ಗಂಟೆಗೆ 3.6 ರಾಂಟ್ಜನ್‌ಗೆ (ವಿಕಿರಣದ ಹಳೆಯ ಅಳತೆ) ಮುಗಿಯುತ್ತಿತ್ತು. ಮೇಲಿನವರಿಗೆ ಹೋದ ವರದಿಯಲ್ಲೂ ಅಚ್ಚುಕಟ್ಟಾಗಿ 3.6 ಅಂತಲೇ ಇತ್ತು.

ನಮ್ಮ ಜಿಲ್ಲೆಯಲ್ಲಿ ಅಣುಸ್ಥಾವರವಿಲ್ಲ, ಕೈಗಾ ಇರುವುದು ರಾಜ್ಯದ ಇನ್ನೊಂದು ಮೂಲೆಯಲ್ಲಿ. ಆದರೆ ಇಂಥ ಅಳತೆಗೆ ಬೇಕಾದ ಪ್ರತಿಭೆ ನಮ್ಮ ಕಚೇರಿಗಳಲ್ಲಿ ಕೊಳೆಯುತ್ತ ಬಿದ್ದಿದೆ. ಎಂದಾದರೂ ಈ ಕೆಲಸ ತಾಲ್ಲೂಕು ಕಚೇರಿಯ ಕೊರಳಿಗೆ ಬಿದ್ದರೆ ಉಪಯೋಗಕ್ಕೆ ಬರಲಿ ಅಂತ ಅನುಭವಸ್ಥರ ಮೇಲ್ಪಂಕ್ತಿಗಳನ್ನು ಇಲ್ಲಿ ಒಪ್ಪಿಸಿದೆ.

ಮೊದಲು ರಿಯಾಕ್ಟರಿನ ಒಳಗಿನ ನೀರು. ಎಷ್ಟಿದೆ ಅಂತ ಮುಚ್ಚಳ ತೆಗೆದು ಇಣುಕಲು ಆಗುವುದಿಲ್ಲ. ಗಾರೆ ಮೇಸ್ತ್ರಿ ಗೋಡೆಯ ಮಟ್ಟ ನೋಡಲು ಹಿಡಿಯುವ ಲೆವೆಲ್ ಪೈಪಿನ ದಾಯಾದಿಯೊಂದು ಅಲ್ಲಿರುತ್ತದೆ. ಒಂದು ಕೊಳವೆಯಲ್ಲಿ ಯಾವಾಗಲೂ ಕಂಠಮಟ್ಟ ನೀರು, ಅದು ಹೋಲಿಕೆಗೆ. ಇನ್ನೊಂದು ಕೊಳವೆಗೆ ರಿಯಾಕ್ಟರ್ ಪಾತ್ರೆಯ ಕೆಳಭಾಗದ ಜೊತೆ ಸಂಪರ್ಕ. ಎರಡರ ಒತ್ತಡದ ವ್ಯತ್ಯಾಸ ಕಡಿಮೆ ಆದಷ್ಟೂ ಪಾತ್ರೆಯಲ್ಲಿ ನೀರು ಹೆಚ್ಚಿದೆ ಎಂದು ಮಾಪಕ ತಿಳಿಯುತ್ತದೆ. ಲೆವೆಲ್ ಪೈಪಿನ ಒಂದು ತುದಿ ಸೋರಿದರೆ ಮಟ್ಟ ಸುಳ್ಳಾಗುತ್ತದೆ ಅನ್ನುವುದು ಮೇಸ್ತ್ರಿಯ ಹಿಂದೆ ಸಿಮೆಂಟ್ ಹೊರುವ ಹುಡುಗನಿಗೂ ಗೊತ್ತು. 2011ರ ಮಾರ್ಚ್ 11ರ ರಾತ್ರಿ ಫುಕುಶಿಮಾದ 1ನೇ ಘಟಕದಲ್ಲಿ ಆದದ್ದು ಅದೇ. ಸುತ್ತಲ ಕಾವಿಗೆ ಹೋಲಿಕೆಯ ಕೊಳವೆಯ ನೀರು ಕುದಿದು ಆವಿಯಾಯಿತು. ವ್ಯತ್ಯಾಸ ಇಳಿಯಿತು. ನೀರು ಇಂಧನದ ತುದಿಗಿಂತ 20 ಸೆಂಟಿಮೀಟರ್ ಮೇಲಿದೆ, ಯೋಚನೆ ಬೇಡ ಅಂದಿತು ಮಾಪಕ. ಒಳಗೆ ಇಂಧನ ಬರಿಮೈಯಲ್ಲಿ ಕರಗುತ್ತಿತ್ತು. ಮೇ ತಿಂಗಳಲ್ಲಿ ಮಾಪಕವನ್ನು ಸರಿಪಡಿಸಿ ನೋಡಿದರೆ, ನೀರು ಇಂಧನದ ಮೇಲ್ತುದಿಯಿಂದ 5 ಮೀಟರಿಗೂ ಕೆಳಗೆ. ಇಂಧನದ ಸರಳುಗಳ ಉದ್ದವೇ ಸುಮಾರು 4 ಮೀಟರು.

ಖಾಲಿಯಾದಷ್ಟೂ 'ತುಂಬಿದೆ' ಅನ್ನುವ ಇಂಥ ಮಾಪಕವನ್ನು ನಮ್ಮ ಕೆರೆಗಳಿಗೆ ಅಳವಡಿಸಿದರೆ ಹೂಳೆತ್ತುವ ಖರ್ಚೇ ಉಳಿಯುತ್ತದೆ.

ಶಾಖದ ವಿಚಾರದಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರ ದಾರಿ ತೋರಿಸಿದೆ. 1979ರ ಮಾರ್ಚ್ 28ರಂದು ಅಲ್ಲಿ ಒಂದು ವಾಲ್ವು ತೆರೆದೇ ಉಳಿದು ನೀರು ಸೋರಿಹೋಯಿತು. ಫಲಕದ ದೀಪ ಮಾತ್ರ ಆರಿತ್ತು, ವಾಲ್ವು ಮುಚ್ಚಿದೆ ಅಂದುಕೊಂಡರು. ಆ ದೀಪ ವಾಲ್ವು ಮುಚ್ಚಿತೋ ಇಲ್ಲವೋ ಅನ್ನುವುದನ್ನು ಹೇಳುತ್ತಲೇ ಇರಲಿಲ್ಲ. 'ಮುಚ್ಚು' ಎಂಬ ಆದೇಶ ಹೊರಟಿದೆ ಅನ್ನುವುದನ್ನಷ್ಟೇ ಹೇಳುತ್ತಿತ್ತು. ಸುತ್ತೋಲೆ ಹೊರಡಿಸಿದ ದಿನವೇ ಕೆಲಸ ಮುಗಿಯಿತು ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಅಲ್ಲಿನ ಕಂಪ್ಯೂಟರು 700 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಉಷ್ಣತೆಗೆಲ್ಲ ಅಂಕಿಯ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಮುದ್ರಿಸುತ್ತಿತ್ತು. ತಂತ್ರಜ್ಞರು ತಂತಿಗಳಿಗೆ ನೇರ ಮೀಟರು ಹಚ್ಚಿ ಅಳೆದಾಗ ಕೆಲವು ಕಡೆ 2,000 ಡಿಗ್ರಿಗೂ ಮಿಕ್ಕಿ ಬಂತು. ಇಷ್ಟೊಂದು ಇರಲಾರದು, ಉಪಕರಣವೇ ಕೆಟ್ಟಿರಬೇಕು ಅಂದರು ದೊಡ್ಡವರು. ಮೂರು ವರ್ಷ ಕಳೆದು 1982ರಲ್ಲಿ ಕ್ಯಾಮೆರಾ ಇಳಿಸಿದಾಗ ಕೋರ್, ಅಂದರೆ ಇಂಧನದ ಸರಳುಗಳ ಕಟ್ಟು, ಇರಬೇಕಾದ ಜಾಗದ ಮೇಲ್ಭಾಗ ಬಟಾಬಯಲು. ನಮ್ಮ ರಿಜಿಸ್ಟರುಗಳಲ್ಲಾದರೆ ಪ್ರಶ್ನಾರ್ಥಕ ಚಿಹ್ನೆಗೆ ಅವಕಾಶವಿಲ್ಲ, ಷರಾ ಕಾಲಂನಲ್ಲಿ 'ಸಾಮಾನ್ಯ' ಅಂತ ಬರೆದು ಸಹಿ ಹಾಕುತ್ತಾರೆ.

ಹಾನಿಯ ಅಂದಾಜನ್ನು ಶೇಕಡಾದಲ್ಲೇ ಕೊಡಬೇಕು, ಅಂಕಪಟ್ಟಿ ನೋಡುವ ಪೋಷಕರಿಗೆ ಅದೇ ರೂಢಿ. ಫುಕುಶಿಮಾದ 1ನೇ ಘಟಕದ ಇಂಧನಕ್ಕೆ ಶೇ 70 ಹಾನಿ ಅಂತ ಮೊದಲು ಪ್ರಕಟವಾಯಿತು. ಏಪ್ರಿಲ್ ಕೊನೆಗೆ ಮರುಮೌಲ್ಯಮಾಪನವಾಗಿ 55 ಆಯಿತು. ಮೇ ತಿಂಗಳಲ್ಲಿ ನೋಡಿದರೆ ಬಹುಪಾಲು ಪೂರ್ತಿ ಕರಗಿದೆ! 2015ರಲ್ಲಿ ಆಕಾಶದಿಂದ ಸುರಿಯುವ ಮ್ಯೂಯಾನ್ ಕಣಗಳ ನೆರಳಿನಲ್ಲಿ ಚಿತ್ರ ತೆಗೆದಾಗ ಕೋರ್ ಇದ್ದ ಜಾಗದಲ್ಲಿ ಇಂಧನದ ಸುಳಿವೇ ಇರಲಿಲ್ಲ. ಮ್ಯೂಯಾನ್ ಎಣಿಕೆ ಅಂದರೆ ಕೆಜಿಎಫ್‌ನವರಿಗೆ ಹಳೇ ನಂಟು. 1960ರ ದಶಕದಲ್ಲೇ ನಮ್ಮ ಚಿನ್ನದ ಗಣಿಯ ಎರಡು ಕಿಲೋಮೀಟರ್ ಆಳದಲ್ಲಿ ಅವನ್ನು ಒಂದೊಂದಾಗಿ ಎಣಿಸಿದ್ದರು. ಗಣಿ ಮುಚ್ಚಿತು, ಸಯನೈಡ್ ಗುಡ್ಡ ಉಳಿಯಿತು.

ಹೊರಗಿನ ವಿಕಿರಣ ಅಳೆಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಮೀಟರಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಇಲ್ಲದಿದ್ದರೆ ಧೂಳು ಮೀಟರಿಗೇ ಅಂಟಿ ಆಮೇಲೆ ಎಲ್ಲಿ ಹೋದರೂ ಕೂಗುತ್ತದೆ. ನೆಲದಿಂದ 1 ಮೀಟರ್ ಎತ್ತರದಲ್ಲಿ ಹಿಡಿದು ಅಂಕಿ ನೆಲೆಗೊಳ್ಳುವವರೆಗೆ ಕಾಯಿರಿ, ಒಂದಲ್ಲ, ನಾಲ್ಕೈದು ಸಲ ಓದಿರಿ. ನೆಲದ ಹತ್ತಿರ ಇನ್ನೊಮ್ಮೆ ಹಿಡಿಯಿರಿ, ಅಲ್ಲಿ ತಟ್ಟನೆ ಏರಿದರೆ ಕೊಳೆ ನೆಲದಲ್ಲೇ ಕೂತಿದೆ ಎಂದರ್ಥ. ವಿಕಿರಣ ವಿಪರೀತವಿದ್ದಲ್ಲಿ ವಿಕಿರಣವನ್ನು ಒಂದೊಂದಾಗಿ ಎಣಿಸುವ ಕೆಲವು ಗೈಗರ್ ಮೀಟರುಗಳು ಎಣಿಸಲಾರದೆ ಕಕ್ಕಾಬಿಕ್ಕಿಯಾಗಿ ಸೊನ್ನೆಯ ಕಡೆಗೇ ಜಾರುತ್ತವೆ, ಹಾಗಾಗಿ ಜೊತೆಗೆ ಅಯಾನ್ ಚೇಂಬರ್ ಎಂಬ, ಹೆಚ್ಚಿನ ವಿಕಿರಣಕ್ಕೂ ಜಗ್ಗದ ಮೀಟರು ಇರಬೇಕು. ಟೆಂಡರಿನಲ್ಲಿ ಅದನ್ನು ಕೈಬಿಟ್ಟರೆ ಅತ್ಯಂತ ಅಪಾಯದ ಜಾಗವೇ ಅತ್ಯಂತ ಸುರಕ್ಷಿತ ಎಂದು ದಾಖಲಾಗುವ ಸೌಲಭ್ಯವಿದೆ.

ಅಷ್ಟಕ್ಕೂ ಅಂಕಿ ಇಳಿಯದಿದ್ದರೆ ಉಪಾಯಗಳು ಇನ್ನೂ ಇವೆ. ಜಪಾನಿನಲ್ಲಿ 675 ಮಾಪನ ಕಂಬಗಳು ಸುಮಾರು ಶೇ 10 ಕಡಿಮೆ ತೋರಿಸುತ್ತಿದ್ದವು. ಬ್ಯಾಟರಿಯನ್ನು ಸಂವೇದಕದ ಪಕ್ಕದಲ್ಲೇ ಕೂರಿಸಿದ್ದರಿಂದ ಅದೇ ಮರೆಯಾಗಿ ನಿಂತಿತ್ತು. ಅಲ್ಲಿನ ಒಬ್ಬ ಉಪಗುತ್ತಿಗೆದಾರ ಕಾರ್ಮಿಕರ ಡೋಸ್ ಮೀಟರಿಗೆ ಸೀಸದ ತಗಡನ್ನೇ ಹೊದಿಸಿದ. ಕರೆಂಟ್ ಮೀಟರಿಗೆ ಅಯಸ್ಕಾಂತ ಇಟ್ಟವರು ಇದಕ್ಕೆ ನಕ್ಕಾರು.

ಏನೂ ಆಗದಿದ್ದರೆ ಮಿತಿಯನ್ನೇ ಎತ್ತಿಬಿಡುವುದು. 2011ರ ಏಪ್ರಿಲಿನಲ್ಲಿ ಫುಕುಶಿಮಾದ ಶಾಲಾ ಮೈದಾನಗಳಿಗೆ ಗಂಟೆಗೆ 3.8 ಮೈಕ್ರೊಸೀವರ್ಟ್ (ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್) ತನಕ ಪರವಾಗಿಲ್ಲ ಅಂದರು. ಲೆಕ್ಕ ಹೀಗೆ: ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಒಳಗೆ, ಒಳಗೆ ಹೊರಗಿನ ಶೇ 40. ವರ್ಷಕ್ಕೆ ಗುಣಿಸಿದರೆ ಸರಿಯಾಗಿ 20 ಮಿಲಿಸೀವರ್ಟ್. ಸಾಮಾನ್ಯ ಜನರಿಗೆ ಇರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡುವ ನಮ್ಮ ಹುಡುಗರನ್ನು ಮಾತ್ರ ಸುಮ್ಮನೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಆಮೇಲೆ ಪೋಷಕರು ಜಗಳಕ್ಕೆ ನಿಂತದ್ದರಿಂದ ಸರಕಾರ ಹಿಂದೆ ಸರಿಯಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಕಡತವೇ ಸಾಕು. ಸ್ಥಾವರದಿಂದ ಹೊರಬೀಳುವ ವಿಕಿರಣವಸ್ತು ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಕಡತ 80 ದಿನ ಮೇಜಿನ ಮೇಲಿದ್ದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಅದರ ಜೊತೆಗಾರ ಸೀಸಿಯಂ-137ಕ್ಕೆ ಇದೇ ಸಾಧನೆಗೆ 300 ವರ್ಷ ಬೇಕು. ಕಂದಾಯ ಇಲಾಖೆಗೆ ವಹಿಸಿದರೆ ಅಸಾಧ್ಯವೇನಲ್ಲ.

ಯುರೇನಿಯಂ ಜಗ್ಗುವ ಆಸಾಮಿಯಲ್ಲ, ಅರ್ಧವಾಗಲು ಸುಮಾರು 447 ಕೋಟಿ ವರ್ಷ ಕೇಳುತ್ತದೆ. ಅದು ಬರುವುದಕ್ಕೆ ಸ್ಥಾವರ ಸ್ಫೋಟಿಸಬೇಕಾಗಿಲ್ಲ, ಬೋರ್‌ವೆಲ್ ಆಳಕ್ಕಿಳಿದರೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೇರಿದಂತೆ ರಾಜ್ಯದ ಪೂರ್ವಭಾಗದ 73 ಹಳ್ಳಿಗಳ ಅಂತರ್ಜಲ ನೋಡಿದರು. 57 ಹಳ್ಳಿಗಳಲ್ಲಿ ಲೀಟರಿಗೆ 30 ಮೈಕ್ರೊಗ್ರಾಂ ಮೀರಿತ್ತು, ಅದು ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 48ರಲ್ಲಿ 60 ಮೀರಿತ್ತು, ಅದು ಮುಂಬಯಿಯಲ್ಲಿರುವ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ನಡುವೆ ಉಳಿದ 9 ಹಳ್ಳಿಗಳ ಜನ ಜಿನೀವಾದ ಲೆಕ್ಕದಲ್ಲಿ ವಿಷ ಕುಡಿಯುತ್ತಿದ್ದರು, ಮುಂಬಯಿಯ ಲೆಕ್ಕದಲ್ಲಿ ನೀರು.

ಪರೀಕ್ಷೆಗೆ ಬಂದವರು ಬಾಟಲಿಯ ಮೇಲೆ ಗೈಗರ್ ಮೀಟರು ಹಿಡಿದರೆ ಅದು ಬಂಡೆಯಿಂದ ಬರುವ ಸಹಜ ವಿಕಿರಣಕ್ಕೆ ಟಿಕ್ ಟಿಕ್ ಅನ್ನುತ್ತದೆಯೇ ಹೊರತು ನೀರಿನ ಮೈಕ್ರೊಗ್ರಾಂ ಅದರ ಕಿವಿಗೆ ಬೀಳುವುದಿಲ್ಲ. ಬೆಳಕು ಹಾಯಿಸಿ ಯುರೇನಿಯಂ ಪತ್ತೆಹಚ್ಚುವ ಫ್ಲೋರಿಮೀಟರಿನಲ್ಲಿ ಅಳೆಯಬೇಕು. ಅದು ಎಲ್ಲರ ಜೇಬಿನಲ್ಲಿಲ್ಲ, ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಮೊತ್ತವನ್ನಷ್ಟೇ ಹೇಳುವ ಟಿಡಿಎಸ್ ಪೆನ್ನು ಇದೆ. ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿಗೆ ಹಿಡಿದರೆ 80 ತೋರಿಸುತ್ತದೆ. ಫೋಟೊ ತೆಗೆಯುತ್ತಾರೆ. ಹುಡುಗ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಾನೆ. ಘಟಕದೊಳಗಿನ ಪೊರೆ ಸೋಸಿ ತೆಗೆದದ್ದೆಲ್ಲ ಗಟ್ಟಿಯಾಗಿ ಹಿಂಬದಿಯ ಪೈಪಿನಲ್ಲಿ ಇಳಿದು, ಕಾಲುವೆಯಂಚಿಗೆ ಕಟ್ಟಿದ ಹಸುವಿನ ತೊಟ್ಟಿಗೆ ಬೀಳುತ್ತದೆ. ಆ ಪೈಪಿಗೆ ಪೆನ್ನು ಹಿಡಿಯಲು ಪಟ್ಟಿಯಲ್ಲಿ ಕಾಲಂ ಇಲ್ಲ.