ಎರಿಕ್ ಲಾವರ್‌ನ ಬಿಟ್ಟುಕೊಡ್ಬೇಡಿ

2025ರ ಸೀಸನ್ ಮುಗಿದ್ಮೇಲೆ ಟೊರಾಂಟೊದ ಬೇಸ್‌ಬಾಲ್ ಟೀಮು ಬ್ಲೂ ಜೇಸ್‌ನವರು ಪಿಚರ್ ಡಿಲನ್ ಸೀಸ್‌ನ 7 ವರ್ಷಕ್ಕೆ 210 ಮಿಲಿಯನ್ ಡಾಲರ್ ಕೊಟ್ಟು ತಗೊಂಡ್ರು, ಅದಾದ್ಮೇಲೆ ಕೊರಿಯಾ ಲೀಗಿಂದ ಕೋಡಿ ಪಾನ್ಸ್‌ನೂ ತಗೊಂಡ್ರು, ಅವತ್ತಿಂದ ಮಿಸಿಸಾಗಾದ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಮಾತು. ಗಾಸ್ಮನ್, ಸೀಸ್, ಬೀಬರ್, ಯೆಸವಿಜ್, ಬೆರಿಯೋಸ್, ಪಾನ್ಸ್, ಆರು ಜನ ಸ್ಟಾರ್ಟರ್ಸ್ ಆಗೋದ್ರು, ಇನ್ನು ಎಡಗೈ ಪಿಚರ್ ಲಾವರ್ ಯಾಕೆ, ಅವನನ್ನ ಕೊಟ್ಟು ಒಬ್ಬ ಒಳ್ಳೆ ಬ್ಯಾಟರ್ ತಗೊಳ್ಳಿ ಅಂತ. ನಂಗೆ ಇದು ಸರಿ ಅನ್ನಿಸ್ತಿಲ್ಲ, ಗ್ರೂಪಲ್ಲಿ ನಾಲ್ಕು ಲೈನಲ್ಲಿ ಹೇಳಿದ್ರೆ ಮುಗಿಯೋ ವಿಷಯನೂ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಊರಲ್ಲಿ ಕೂತು ಓದ್ತಿರೋ ಗೆಳೆಯರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಬೇಸ್‌ಬಾಲಲ್ಲಿ ಸ್ಟಾರ್ಟರ್ ಅಂದ್ರೆ ಮ್ಯಾಚ್ ಶುರು ಮಾಡೋ ಪಿಚರ್, ಒಂದು ದಿನ 90-100 ಪಿಚ್ ಹಾಕಿದ್ರೆ ಆಮೇಲೆ ನಾಲ್ಕೈದು ದಿನ ರೆಸ್ಟ್, ಅದಕ್ಕೇ ಐದು ಜನ ಬೇಕು. ಆರು ತಿಂಗಳಲ್ಲಿ 162 ಮ್ಯಾಚ್, ಟೀಮಲ್ಲಿ 26 ಜನ, ಅದ್ರಲ್ಲಿ ಪಿಚರ್ಸ್ 13ಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ಯಾರಿಗಾದ್ರೂ ಭುಜ ಹಿಡ್ಕೊಂಡ್ರೆ, ಮೊಣಕೈ ನೋವು ಬಂದ್ರೆ ಬಫಲೋದಿಂದ ಒಬ್ಬನ್ನ ಕರೀತಾರೆ. ಬಫಲೋ ಬೈಸನ್ಸ್ ಇವರ ಟ್ರಿಪಲ್-ಎ ಟೀಮು, ಅಂದ್ರೆ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗ್ ಟೀಮು, ಲೇಕ್ ಒಂಟಾರಿಯೊ ಬಳಸ್ಕೊಂಡು ಬಾರ್ಡರ್ ದಾಟಿ ಎರಡು ಗಂಟೆ ಡ್ರೈವು. ನಮ್ಮ ಕಡೆ ರಣಜಿಯಿಂದ ಒಬ್ಬ ಹುಡುಗನ್ನ ಇಂಡಿಯಾ ಟೀಮಿಗೆ ಕರೆದ್ರೆ ಪೇಪರಲ್ಲಿ ಫೋಟೋ ಬರುತ್ತೆ, ಇಲ್ಲಿ ಸೀಸನ್ ಪೂರ್ತಿ ಇದೇ ಓಡಾಟ. ಅದಕ್ಕೂ ರೂಲ್ಸ್ ಇದೆ, ಪಿಚರ್‌ನ ಕೆಳಗೆ ಕಳಿಸಿದ್ರೆ ಸಾಮಾನ್ಯವಾಗಿ 15 ದಿನ ಅಲ್ಲೇ ಇರ್ಬೇಕು, ಒಂದು ಸೀಸನ್‌ನಲ್ಲಿ ಐದು ಸಲಕ್ಕಿಂತ ಜಾಸ್ತಿ ಕಳಿಸೋ ಹಾಗಿಲ್ಲ.

ಈಗ 2025 ಹೇಗೆ ಶುರುವಾಯ್ತು ನೆನಪು ಮಾಡ್ಕೊಳ್ಳಿ. ಮ್ಯಾಕ್ಸ್ ಶೆರ್ಜರ್ ಮಾರ್ಚ್ ಕೊನೇಲಿ ಮೊದಲನೇ ಮ್ಯಾಚಲ್ಲೇ ಮೂರು ಇನ್ನಿಂಗ್ಸ್ ಹಾಕಿ ಹೊರಗೆ ಹೋದವರು ವಾಪಸ್ ಬಂದಿದ್ದು ಜೂನ್ ಕೊನೆಗೆ. ಬೌಡನ್ ಫ್ರಾನ್ಸಿಸ್ ಹೊಡೆಸ್ಕೊಂಡು ಹೊಡೆಸ್ಕೊಂಡು ಆಮೇಲೆ ಭುಜದ ನೋವಿಗೆ ಕೂತ. ಅಲೆಕ್ ಮನೋವ ಸರ್ಜರಿಯಿಂದ ವಾಪಸ್ ಬರ್ತಾನೆ ಅಂತ ಕಾದಿದ್ದೇ ಬಂತು. ಆ ಜಾಗ ತುಂಬಿದ್ದು ಯಾರು? ಲಾವರ್. 2024ರಲ್ಲಿ ಕೊರಿಯಾದ ಕಿಯಾ ಟೈಗರ್ಸ್‌ಗೆ ಆಡ್ತಿದ್ದ, ಅಮೆರಿಕದಲ್ಲಿ ಯಾರೂ ಮೇಜರ್ ಲೀಗ್ ಕಾಂಟ್ರ್ಯಾಕ್ಟ್ ಕೊಡ್ಲಿಲ್ಲ, ಜೇಸ್ ಮೈನರ್ ಲೀಗ್ ಡೀಲ್ ಮೇಲೆ ತಗೊಂಡು ಬಫಲೋಗೆ ಹಾಕಿದ್ರು. ಏಪ್ರಿಲ್ ಕೊನೇಲಿ ಮೇಲೆ ಕರೆದಾಗ ನಮ್ಮ ಮನೇಲೂ ಯಾರೂ ಕೇರ್ ಮಾಡ್ಲಿಲ್ಲ. ಅವನು 9 ಗೆದ್ದು 2 ಸೋತು 3.18 ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೇದು) ಇಟ್ಕೊಂಡು ಸೀಸನ್ ಮುಗಿಸ್ದ. 2024ರಲ್ಲಿ ಡಿವಿಶನ್‌ನಲ್ಲೇ ಕೊನೆಗಿದ್ದ ಟೀಮು 94 ಮ್ಯಾಚ್ ಗೆಲ್ತು, ಯಾಂಕೀಸ್ ಕೂಡ 94, ಹೆಡ್ ಟು ಹೆಡ್ ಲೆಕ್ಕದಲ್ಲಿ ನಾವು ಮೇಲೆ. ಒಂದೇ ಒಂದು ಮ್ಯಾಚ್ ಕಮ್ಮಿ ಆಗಿದ್ರೆ ಡಿವಿಶನ್ ಅವರದ್ದು. ಲಾವರ್ ಇಲ್ದೇ ಹೋಗಿದ್ರೆ ಆ ಒಂದು ಮ್ಯಾಚ್ ಎಲ್ಲಿಂದ ತರ್ತಿದ್ರು ಹೇಳಿ.

ಕೆಳಗಿಂದ ಬಂದು ಟೀಮನ್ನ ಉಳಿಸಿದ ಇನ್ನೊಬ್ಬ ಯೆಸವಿಜ್, ಅವನ ಬಗ್ಗೆ ಎಷ್ಟು ಬರೆದ್ರೂ ಸಾಲಲ್ಲ. 22 ವರ್ಷದ ಹುಡುಗ, ಏಪ್ರಿಲಲ್ಲಿ ಫ್ಲಾರಿಡಾದ ಡನೀಡನ್‌ನಲ್ಲಿ, ಸಿಂಗಲ್-ಎ ಅಂದ್ರೆ ತುಂಬಾ ಕೆಳಗಿನ ಮೆಟ್ಟಿಲು, ಅಲ್ಲಿ ಶುರು ಮಾಡಿ ವ್ಯಾಂಕೂವರ್, ನ್ಯೂ ಹ್ಯಾಂಪ್‌ಶೈರ್, ಬಫಲೋ, ಸೆಪ್ಟೆಂಬರ್ 15ಕ್ಕೆ ಮೇಜರ್ ಲೀಗ್. ಮೊದಲ ಮ್ಯಾಚಲ್ಲೇ 9 ಸ್ಟ್ರೈಕ್‌ಔಟ್, ಅಂದ್ರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್. ಇದನ್ನ ಲಾಟರಿ ಹೊಡೀತು ಅನ್ನೋರಿದಾರೆ, ನಾನು ಒಪ್ಪಲ್ಲ. ಕೆಳಗೆ 98 ಇನ್ನಿಂಗ್ಸಲ್ಲಿ 160 ಜನರನ್ನ ಸ್ಟ್ರೈಕ್‌ಔಟ್ ಮಾಡಿದವನು ಅವನು, ಕೈ ಪೂರಾ ಮೇಲಿಂದ ಇಳಿದು ಬರುತ್ತೆ, ಸ್ಪ್ಲಿಟರ್ ಅನ್ನೋ ಅವನ ಪಿಚ್ ಬ್ಯಾಟರ್ ಹತ್ರ ಬಂದು ಬಾವಿಗೆ ಬಿದ್ದ ಹಾಗೆ ಬೀಳುತ್ತೆ. ನಿಜವಾದ ಧೈರ್ಯ ಪ್ಲೇಆಫ್‌ನಲ್ಲಿ ತೋರಿಸಿದ್ದು. ಯಾಂಕೀಸ್ ಸೀರೀಸ್‌ಗೆ ಶೆರ್ಜರ್‌ನೂ ಬಿಟ್ರು, ಕ್ರಿಸ್ ಬ್ಯಾಸಿಟ್‌ನೂ ಬಿಟ್ರು, ಬರೀ ಮೂರು ಮ್ಯಾಚ್ ಆಡಿದ್ದ ಹುಡುಗನ ಕೈಗೆ ಎರಡನೇ ಮ್ಯಾಚ್ ಕೊಟ್ರು. ಅವನು ಐದಕ್ಕೂ ಮೇಲೆ ಇನ್ನಿಂಗ್ಸ್ ಒಂದೂ ಹಿಟ್ ಕೊಡ್ದೆ 11 ಸ್ಟ್ರೈಕ್‌ಔಟ್ ಮಾಡ್ದ. ನಾಲ್ಕನೇ ಮ್ಯಾಚಿಗೆ ಸ್ಟಾರ್ಟರೇ ಇಲ್ಲ, ಎಂಟು ಪಿಚರ್ಸ್ ಹಾಕಿ ಗೆದ್ರು. ಆ ಎಂಟು ಜನರ ಥರದವರನ್ನ ಬೆಳೆಸೋದಕ್ಕೇ ನಾನು ಡೆಪ್ತ್ ಅನ್ನೋದು. ಏಪ್ರಿಲಲ್ಲಿ ಬಂದ ಮೇಸನ್ ಫ್ಲುಹಾರ್ಟಿ, ಮೇನಲ್ಲಿ ಬಂದ ಬ್ರೇಡನ್ ಫಿಶರ್, ಇವರ ಹೆಸರು ಮಾರ್ಚಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಆಮೇಲೆ ಫೈನಲ್, ಅಂದ್ರೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್, ಅದರ ಮೂರನೇ ಮ್ಯಾಚು. ರಾತ್ರಿ 8 ಗಂಟೆಗೆ ಟಿವಿ ಮುಂದೆ ಕೂತಿದ್ದು, 18 ಇನ್ನಿಂಗ್ಸ್, 6 ಗಂಟೆ 39 ನಿಮಿಷ, ಮುಗಿಯೋ ಹೊತ್ತಿಗೆ ಬೆಳಗಿನ ಜಾವ ಮೂರಾಗ್ತಾ ಬಂದಿತ್ತು. ಮಗ ಸೋಫಾ ಮೇಲೇ ನಿದ್ದೆ ಹೋಗಿದ್ದ, ನಾನು ಮೂರನೇ ಸಲ ಕಾಫಿ ಮಾಡ್ಕೊಂಡಿದ್ದೆ. ಆ ಹೊತ್ತಲ್ಲಿ ಮೌಂಡ್ ಮೇಲೆ ಯಾರಿದ್ರು ನೋಡಿ, ನಮ್ಮ ಕಡೆ ಲಾವರ್, 4.2 ಇನ್ನಿಂಗ್ಸ್ (ನಾಲ್ಕು ಇನ್ನಿಂಗ್ಸ್, ಮೇಲೆ ಎರಡು ಔಟ್), ಒಂದೂ ರನ್ ಇಲ್ಲ. ಅವರ ಕಡೆ ವಿಲ್ ಕ್ಲೈನ್ ಅಂತ, ಅದಕ್ಕೆ ಮುಂಚಿನ ಪ್ಲೇಆಫ್ ರೌಂಡ್‌ಗಳಲ್ಲಿ ಟೀಮಲ್ಲೂ ಇಲ್ದವನು, ನಾಲ್ಕು ಇನ್ನಿಂಗ್ಸ್ ಹಾಕಿ ಅವನೇ ಗೆದ್ದ ಪಿಚರ್ ಆದ. ಒಟಾನಿ, ಯಮಮೊಟೊ, ಸ್ನೆಲ್ ಅಂತ ಕೋಟಿ ಕೋಟಿ ಸುರಿದ ಟೀಮು ಆ ರಾತ್ರಿ ಗೆದ್ದಿದ್ದು ಟ್ರಿಪಲ್-ಎಗೆ ಹೋಗಿ ಬಂದು ಮಾಡ್ತಿದ್ದ ಒಬ್ಬ ಹುಡುಗನಿಂದ. ಲಾವರ್ ಇಳಿದ್ಮೇಲೆ ಬ್ರೆಂಡನ್ ಲಿಟಲ್ ಬಂದ, ಡಾಡ್ಜರ್ಸ್‌ನ ಫ್ರೀಮನ್ ಹೋಮ್ ರನ್ ಹೊಡೆದ, ಮುಗೀತು. ಲಿಟಲ್‌ನ ಬೈಯೋಕೆ ನಂಗೆ ಮನಸ್ಸಿಲ್ಲ, ಅಷ್ಟು ಹೊತ್ತಿಗೆ ಅವನ ಹಿಂದೆ ಇನ್ಯಾರು ಉಳಿದಿದ್ರು?

ಸೀರೀಸೇ ಕಳ್ಕೊಂಡ ಏಳನೇ ಮ್ಯಾಚ್ ಬಗ್ಗೆ ಜಾಸ್ತಿ ಬರೆಯಲ್ಲ, ಇನ್ನೂ ಹೊಟ್ಟೆ ಉರಿಯುತ್ತೆ. ಗೆಲ್ಲೋಕೆ ಎರಡು ಔಟ್ ಬಾಕಿ ಇದ್ದಾಗ ನಮ್ಮ ಹಾಫ್ಮನ್ ಪಿಚ್‌ಗೆ ರೋಹಾಸ್ ಹೋಮ್ ರನ್ ಹೊಡೆದಿದ್ದು, 11ನೇ ಇನ್ನಿಂಗ್ಸಲ್ಲಿ ಬೀಬರ್ ಪಿಚ್‌ಗೆ ವಿಲ್ ಸ್ಮಿತ್ ಹೋಮ್ ರನ್ ಹೊಡೆದಿದ್ದು. ಮ್ಯಾನೇಜರ್ ಶ್ನೈಡರ್‌ನ ಎಲ್ಲರೂ ಬೈದ್ರು. ನನ್ನ ಪ್ರಕಾರ ಯಾವ ಪಿಚರ್‌ನ ಹಾಕಿಸ್ಬೇಕು ಅನ್ನೋ ಅವರ ನಿರ್ಧಾರ ತಪ್ಪಿರ್ಲಿಲ್ಲ, ನಮ್ಮ ಪಿಚರ್ ಲೂಯಿ ವಾರ್ಲ್ಯಾಂಡ್ ಒಂದೇ ಪೋಸ್ಟ್‌ಸೀಸನ್‌ನಲ್ಲಿ 15 ಮ್ಯಾಚ್ ಹಾಕಿ ರೆಕಾರ್ಡ್ ಮಾಡಿದ್ದ, ಎಲ್ಲರ ಕೈಯೂ ಸೋತು ಹೋಗಿತ್ತು.

ಈಗ 2026ರ ಸೀಸನ್ ಲೆಕ್ಕ ಹಾಕಿ. ಯೆಸವಿಜ್ ಮೈನರ್ಸ್, ಮೇಜರ್ಸ್, ಪ್ಲೇಆಫ್ ಎಲ್ಲ ಸೇರಿ ಹತ್ತತ್ರ 140 ಇನ್ನಿಂಗ್ಸ್ ಹಾಕಿದಾನೆ, ಅದೂ ಪ್ರೊಫೆಶನಲ್ ಆಗಿ ಮೊದಲನೇ ವರ್ಷ. ಈ ಹುಡುಗನನ್ನ ಏಪ್ರಿಲಿಂದ ಅಕ್ಟೋಬರ್ ತನಕ ಐದು ದಿನಕ್ಕೊಂದು ಸಲ ಹಾಕಿಸಿದ್ರೆ ನಾನು ಬೆಂಬಲ ಕೊಡಲ್ಲ, ನಿಧಾನಕ್ಕೆ ಬಿಡ್ಬೇಕು, ಆರು ಜನರ ರೋಟೇಶನ್ ಮಾಡಿದ್ರೂ ಪರವಾಗಿಲ್ಲ. ಬೀಬರ್ ಟಾಮಿ ಜಾನ್ ಅನ್ನೋ ಮೊಣಕೈ ಸರ್ಜರಿ ಆಗಿ ಬಂದವನು. ಬೆರಿಯೋಸ್‌ಗೆ 2025 ಸೆಪ್ಟೆಂಬರ್ ಕೊನೇಲಿ ಮೊಣಕೈ ಊದ್ಕೊಂಡಿತ್ತು. ಗಾಸ್ಮನ್‌ಗೆ 2026ರ ಜನವರಿಗೆ 35 ವರ್ಷ. ಪಾನ್ಸ್ ಇಲ್ಲಿ ಹೇಗೆ ಹಾಕ್ತಾನೆ ಅಂತ ಹಾಕಿದ್ಮೇಲೇ ನೋಡ್ಬೇಕು. ಪೇಪರ್ ಮೇಲೆ ಆರು ಇರೋದು ಮೇ ತಿಂಗಳಿಗೆ ನಾಲ್ಕಾಗುತ್ತೆ, ಪ್ರತಿ ವರ್ಷ ಆಗೋದೇ ಇದು. ಇನ್ನೊಂದು ವಿಷಯ ಗ್ರೂಪಲ್ಲಿ ಯಾರೂ ಎತ್ತಲಿಲ್ಲ, ಆ ಆರೂ ಜನ ಬಲಗೈಯವರು. ಎಡಗೈ ಸ್ಟಾರ್ಟರ್ ಅಂತ ಇರೋನು ಲಾವರ್ ಒಬ್ಬನೇ, ಅವನು ಬುಲ್‌ಪೆನ್‌ನಿಂದಲೂ, ಅಂದ್ರೆ ಮ್ಯಾಚ್ ಮಧ್ಯದಲ್ಲಿ ಬಂದೂ ಹಾಕ್ತಾನೆ, ಹಾಕಿ ತೋರಿಸಿದಾನೆ.

ಈಗ ಚಳಿಗಾಲದಲ್ಲಿ ಅವನನ್ನ ಕೊಟ್ಟು, ಜುಲೈನಲ್ಲಿ ಯಾರದೋ ಮೊಣಕೈ ಹೋದಾಗ ಮತ್ತೆ ಮಾರ್ಕೆಟಿಗೆ ಹೋದ್ರೆ ಒಳ್ಳೆ ಪ್ರಾಸ್ಪೆಕ್ಟ್‌ನ, ಅಂದ್ರೆ ಮುಂದೆ ಬೆಳೆಯೋ ಹುಡುಗನ್ನ ಕೊಟ್ಟೇ ತರ್ಬೇಕಾಗುತ್ತೆ. 2025ರಲ್ಲಿ ಬೀಬರ್‌ಗೋಸ್ಕರ ಖಾಲ್ ಸ್ಟೀಫನ್‌ನ ಕ್ಲೀವ್‌ಲ್ಯಾಂಡಿಗೆ ಕೊಟ್ಟಿದ್ದು ಮರೆತು ಹೋಯ್ತಾ?